ಹಾಲಿನ ಉತ್ತರಪತ್ರಿಕೆ ತಿದ್ದುವವರು ಯಾರು?

ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಹುಡುಗನ ಉತ್ತರಪತ್ರಿಕೆಯನ್ನು ಅವನ ಶಾಲೆಯ ಮೇಷ್ಟ್ರು ತಿದ್ದುವುದಿಲ್ಲ. ಅದು ಕಟ್ಟು ಕಟ್ಟಿ, ಮೊಹರು ಹಾಕಿಸಿಕೊಂಡು ಬೇರೆ ಊರಿನ ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತದೆ. ತಿದ್ದುವ ಅಧ್ಯಾಪಕರಿಗೆ ಅದು ಯಾರ ಪತ್ರಿಕೆಯೆಂದು ತಿಳಿಯದು. ಅವರಿಗೆ ಸಲ್ಲುವ ಸಂಭಾವನೆಯೂ ಹುಡುಗನ ತಂದೆಯ ಜೇಬಿನಿಂದ ನೇರವಾಗಿ ಬರುವುದಿಲ್ಲ. ಎಲ್ಲರೂ ಕಟ್ಟಿದ ಶುಲ್ಕ ಒಂದೆಡೆ ಸೇರಿ, ಅಲ್ಲಿಂದ ಬರುತ್ತದೆ. ಮೇಷ್ಟ್ರುಗಳೆಲ್ಲ ಅಪ್ರಾಮಾಣಿಕರೆಂದು ಈ ಏರ್ಪಾಡನ್ನು ಮಾಡಿಲ್ಲ. ತಾನೇ ಕಲಿಸಿದ ಹುಡುಗನಿಗೆ ತಾನೇ ಅಂಕ ಹಾಕಬೇಕಾದಾಗ ಒಳ್ಳೆಯವರ ಕೈಯೂ ಒಂದಿಷ್ಟು ಸಡಿಲವಾಗುತ್ತದೆ. ಅದು ಮನುಷ್ಯ ಸಹಜ.

ಈಗ ಇದೇ ವಿಚಾರವನ್ನು ಬೆಳಿಗ್ಗೆ ಬಾಗಿಲಿಗೆ ಬಂದು ಬೀಳುವ ಹಾಲಿನ ಪ್ಯಾಕೆಟ್ಟಿಗೆ ಅನ್ವಯಿಸಿ ನೋಡೋಣ. ಟೋನ್ಡ್ ಹಾಲಿನ ಪ್ಯಾಕೆಟ್ಟಾದರೆ ಅದರ ಮೇಲೆ ಕೊಬ್ಬು ಶೇಕಡಾ 3.0, ಕೊಬ್ಬೇತರ ಘನಾಂಶ ಶೇಕಡಾ 8.5 ಎಂದು ಮುದ್ರಿಸಿರುತ್ತಾರೆ. ಪಾಶ್ಚೀಕರಿಸಿದ್ದು ಎಂದು ಬರೆದಿರುತ್ತದೆ. ಕೆಳಗೊಂದು ಉದ್ದನೆಯ ಸಂಖ್ಯೆಯೂ ಇರುತ್ತದೆ. ಅಂದರೆ ಈ ಹಾಲು ಯಾವುದೋ ಪರೀಕ್ಷೆ ಬರೆದು ಪಾಸಾಗಿ ಬಂದಿದೆ ಎಂದಾಯಿತು. ಅದರ ಉತ್ತರಪತ್ರಿಕೆ ತಿದ್ದಿದವರು ಯಾರು? ಮಾರುವವರೇ? ಕೊಳ್ಳುವವರೇ? ಇಬ್ಬರಿಗೂ ಸೇರದ ಮೂರನೆಯವರೇ?

ಮೊಟ್ಟೆ, ಮೀನು, ಮಾಂಸಕ್ಕೂ ಇದೇ ಪ್ರಶ್ನೆ ಸಲ್ಲುತ್ತದೆ. ಪ್ರಾಣಿಮೂಲದ ಆಹಾರ ನಮಗೆ ಎಷ್ಟು ಪುಷ್ಟಿಕರವೋ ಸೂಕ್ಷ್ಮಜೀವಿಗಳಿಗೂ ಅಷ್ಟೇ ಪುಷ್ಟಿಕರ. ಅಕ್ಕಿ ಮೂಟೆ ಒಂದು ವಾರ ಗೋದಾಮಿನಲ್ಲಿ ಬಿದ್ದಿದ್ದರೂ ಚಿಂತೆಯಿಲ್ಲ. ಹಾಲು ಒಂದು ಮಧ್ಯಾಹ್ನ ಬಿಸಿಲಲ್ಲಿ ನಿಂತರೆ ಮುಗಿಯಿತು. ನಮ್ಮ ರಾಜ್ಯದ ಪೋಷಕರಿಗಂತೂ ಇದು ಮನೆಬಾಗಿಲಿನ ವಿಷಯ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ಲೋಟಕ್ಕೆ 150 ಮಿಲಿಲೀಟರ್ ಹಾಲು ಹಾಕಿತು. ಮನೆಯ ಹಾಲನ್ನು ತಾಯಿ ಮೂಸಿ ನೋಡಿ ಕೊಡುತ್ತಾಳೆ. ಶಾಲೆಯ ಹಾಲನ್ನು ಮಗು ನಂಬಿ ಕುಡಿಯುತ್ತದೆ.

ಡೇರಿಯ ಬಾಗಿಲಲ್ಲಿ

ಮೊದಲ ಪರೀಕ್ಷೆ ನಡೆಯುವುದು ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ. ಇಲ್ಲಿನ ಹಳೆಯ ಸಾಧನ ಲ್ಯಾಕ್ಟೋಮೀಟರ್. ಆರ್ಕಿಮಿಡೀಸನ ತತ್ತ್ವದ ಪ್ರಕಾರ ಸಾಂದ್ರ ದ್ರವದಲ್ಲಿ ಅದು ಮೇಲೆ ನಿಲ್ಲುತ್ತದೆ, ನೀರು ಬೆರೆತು ತೆಳುವಾದರೆ ಒಳಗಿಳಿಯುತ್ತದೆ. ಆದರೆ ಜಾಣನೊಬ್ಬ ಇದನ್ನೂ ಮೋಸಗೊಳಿಸಬಲ್ಲ. ಕೊಬ್ಬು ನೀರಿಗಿಂತ ಹಗುರ. ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಕೆನೆಯನ್ನೂ ತೆಗೆದು ಲೆಕ್ಕ ನೋಡಿ ನೀರನ್ನೂ ಹಾಕಿದರೆ ಲ್ಯಾಕ್ಟೋಮೀಟರ್ ತೃಪ್ತಿಯಿಂದ ಸರಿಯಾದ ಗೆರೆಯಲ್ಲೇ ನಿಂತಿರುತ್ತದೆ! ಆದ್ದರಿಂದ ಕೊಬ್ಬನ್ನು ಪ್ರತ್ಯೇಕವಾಗಿ ಅಳೆಯಲೇಬೇಕು. 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್ ಸೇರಿಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಕೊಬ್ಬನ್ನು ಬೇರ್ಪಡಿಸುವ ಗರ್ಬರ್ ವಿಧಾನ ನೂರು ವರ್ಷಕ್ಕೂ ಹಳೆಯದು. ಅನೇಕ ಸಂಘಗಳಲ್ಲಿ ಈಗ ಗುಂಡಿ ಒತ್ತಿದರೆ ಅಂಕಿ ತೋರಿಸುವ ವಿದ್ಯುನ್ಮಾನ ಯಂತ್ರಗಳು ಬಂದಿವೆ.

ಒಂದು ಪರೀಕ್ಷೆ ತನಗೆ ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ ಎಂಬ ಈ ಸಂಗತಿಯನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು. ಮುಂದೆ ಇದು ಮತ್ತೆ ಬರಲಿದೆ.

ಹಾಲು ದೊಡ್ಡ ಡೇರಿಗೆ ಬಂದಾಗ ಎರಡನೆಯ ಸುತ್ತು. ಉಷ್ಣತೆ ನೋಡುತ್ತಾರೆ, ವಾಸನೆ ನೋಡುತ್ತಾರೆ. ಪ್ರನಾಳದಲ್ಲಿ 5 ಮಿಲಿಲೀಟರ್ ಹಾಲು ಹಾಕಿ ಕುದಿಯುವ ನೀರಿನಲ್ಲಿಟ್ಟು ಒಡೆಯುತ್ತದೋ ಎಂದು ನೋಡುತ್ತಾರೆ. ಹೈಸ್ಕೂಲಿನ ಪ್ರಯೋಗಾಲಯದಲ್ಲೂ ಮಾಡಬಹುದಾದ ಸೊಗಸಾದ ಪರೀಕ್ಷೆಯೊಂದಿದೆ. 10 ಮಿಲಿಲೀಟರ್ ಹಸಿ ಹಾಲಿಗೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ತೆಳು ದ್ರಾವಣ 1 ಮಿಲಿಲೀಟರ್ ಸೇರಿಸಿ 37 ಡಿಗ್ರಿಯ ನೀರಿನಲ್ಲಿ ಇಡಬೇಕು. ಹಾಲಿನಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿಕೊಂಡಂತೆ ನೀಲಿ ಮಾಯವಾಗಿ ಹಾಲು ಬೆಳ್ಳಗಾಗುತ್ತದೆ. ಐದು ಗಂಟೆಯಾದರೂ ನೀಲಿ ಉಳಿದಿದ್ದರೆ ಬಹಳ ಒಳ್ಳೆಯ ಹಾಲು. ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಕೊಟ್ಟಿಗೆಯಿಂದ ಡೇರಿಯವರೆಗಿನ ದಾರಿಯಲ್ಲಿ ಎಲ್ಲೋ ಕೊಳಕು ಸೇರಿದೆ, ಇಲ್ಲವೇ ತಂಪು ತಪ್ಪಿದೆ.

ಕೆಚ್ಚಲು ಬಾವಿಗೆ ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಬಾರದು. ಹಾಕಿದರೆ ಪತ್ತೆ ಹೇಗೆ? ಪ್ರತಿಜೈವಿಕ ಇರುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂರದು ಎಂಬುದು ಗೃಹಿಣಿಯರ ಅನುಭವ. ಪ್ರಯೋಗಾಲಯದ ಕಿಟ್ ಕೂಡ ಇದೇ ಉಪಾಯವನ್ನು ಬಳಸುತ್ತದೆ. ಅದರಲ್ಲಿ ನಿರುಪದ್ರವಿ ಬ್ಯಾಕ್ಟೀರಿಯಾ ಮತ್ತು ನೇರಳೆ ಸೂಚಕ ಇರುತ್ತವೆ. ಬ್ಯಾಕ್ಟೀರಿಯಾ ಬೆಳೆದು ಆಮ್ಲ ಹುಟ್ಟಿದರೆ ಹಳದಿ. ಔಷಧ ಅದನ್ನು ತಡೆದರೆ ನೇರಳೆಯೇ ಉಳಿಯುತ್ತದೆ.

ಬಿಸಿ ಬಿಟ್ಟು ಹೋದ ಸಾಕ್ಷಿ

ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಕೂಡಲೇ ತಣಿಸುವುದು ಪಾಶ್ಚೀಕರಣ. ತಣ್ಣಗಿರುವ ಪ್ಯಾಕೆಟ್ಟನ್ನು ನೋಡಿ ಅದು ನಿನ್ನೆ ರಾತ್ರಿ 72 ಡಿಗ್ರಿ ಮುಟ್ಟಿತ್ತೋ 65ಕ್ಕೇ ನಿಂತಿತ್ತೋ ಹೇಗೆ ಹೇಳುವುದು? ಪ್ರಕೃತಿಯೇ ಇದಕ್ಕೊಂದು ಸಾಕ್ಷಿಯನ್ನು ಹಾಲಿನಲ್ಲಿಟ್ಟಿದೆ. ಹಸಿ ಹಾಲಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವಿರುತ್ತದೆ. ಕ್ಷಯರೋಗದ ಬ್ಯಾಕ್ಟೀರಿಯಾ ಸಾಯಲು ಬೇಕಾಗುವ ಬಿಸಿಗಿಂತ ತುಸು ಹೆಚ್ಚಿನ ಬಿಸಿಯಲ್ಲಿ ಅದು ನಾಶವಾಗುತ್ತದೆ. ಕಿಣ್ವ ಉಳಿದಿಲ್ಲವೆಂದರೆ ರೋಗಾಣುವೂ ಉಳಿದಿಲ್ಲ. ಕಿಣ್ವ ಸಿಕ್ಕಿತೆಂದರೆ ಹಾಲು ಸರಿಯಾಗಿ ಕಾದಿಲ್ಲ, ಇಲ್ಲವೇ ಕಾದ ಮೇಲೆ ಹಸಿ ಹಾಲು ಸೇರಿದೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಇಷ್ಟು ಚೆಂದದ ಪರೀಕ್ಷೆ ಮತ್ತೊಂದು ಕಂಡಿಲ್ಲ.

ಆದರೆ ಎಲ್ಲ ಪ್ಯಾಕೆಟ್ಟುಗಳನ್ನೂ ಒಡೆದು ಪರೀಕ್ಷಿಸಿದರೆ ಮಾರಲು ಏನೂ ಉಳಿಯುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳಿಗೆ ಆಹಾರ ತಯಾರಿಸುತ್ತಿದ್ದ ಪಿಲ್ಸ್‌ಬರಿ ಕಂಪನಿ ಮತ್ತು ನಾಸಾ ವಿಜ್ಞಾನಿಗಳಿಗೆ ಇದೇ ತೊಡಕು ಎದುರಾಯಿತು. ಅವರು ಕಂಡುಕೊಂಡ ದಾರಿಗೆ ಹ್ಯಾಸಪ್ ಎಂಬ ಹೆಸರು ಬಂತು. ಕೊನೆಯ ಪದಾರ್ಥವನ್ನಷ್ಟೇ ನೋಡುವ ಬದಲು, ತಯಾರಿಕೆಯ ದಾರಿಯಲ್ಲಿ ಎಲ್ಲಿ ಎಡವಿದರೆ ಅಪಾಯವೋ ಆ ಜಾಗಗಳನ್ನು ಗುರುತಿಸಿ ಅಲ್ಲಿ ಕಾವಲು ಕೂರಿಸುವುದು ಅದರ ತಿರುಳು. ಹಾಲಿನ ಡೇರಿಯಲ್ಲಿ ಅಂಥ ಜಾಗ ಪಾಶ್ಚೀಕರಣ ಯಂತ್ರ. ಅಲ್ಲೊಂದು ಕವಾಟವಿರುತ್ತದೆ. ಬಿಸಿ ನಿಗದಿತ ಮಟ್ಟಕ್ಕಿಂತ ಇಳಿದರೆ ಅದು ತಾನಾಗಿಯೇ ತಿರುಗಿ ಹಾಲನ್ನು ಮುಂದಕ್ಕೆ ಬಿಡದೆ ಹಿಂದಿನ ತೊಟ್ಟಿಗೆ ಕಳಿಸುತ್ತದೆ. ಪಕ್ಕದಲ್ಲಿ ಒಂದು ಉಪಕರಣ ಇಡೀ ದಿನದ ಉಷ್ಣತೆಯನ್ನು ದಾಖಲಿಸುತ್ತಿರುತ್ತದೆ.

ಮೂರನೆಯವರ ಪ್ರವೇಶ

ಇಲ್ಲಿಯವರೆಗೆ ಹೇಳಿದ್ದೆಲ್ಲ ಡೇರಿಯವರೇ ಮಾಡಿಕೊಳ್ಳುವ ಪರೀಕ್ಷೆ. ಹುಡುಗ ಮನೆಯಲ್ಲಿ ಕುಳಿತು ತನ್ನ ಲೆಕ್ಕ ತಾನೇ ತಾಳೆ ನೋಡಿದಂತೆ. ಅದು ಬೇಕು, ಆದರೆ ಸಾಲದು.

ಎರಡನೆಯದು ಕೊಳ್ಳುವವರ ತಪಾಸಣೆ. ಇದಕ್ಕೊಂದು ಉದಾಹರಣೆ ನಮ್ಮ ಕರಾವಳಿಯವರಿಗೆ ನೆನಪಿರಬಹುದು. 1997ರಲ್ಲಿ ಯೂರೋಪಿನ ತಪಾಸಣಾಧಿಕಾರಿಗಳು ಭಾರತದ ಮೀನು ಸಂಸ್ಕರಣಾ ಘಟಕಗಳನ್ನು ನೋಡಿ ಹೋದರು. ಆ ಆಗಸ್ಟಿನಲ್ಲಿ ನೈರ್ಮಲ್ಯದ ಕಾರಣ ಕೊಟ್ಟು ಯೂರೋಪಿನ ಒಕ್ಕೂಟ ನಮ್ಮ ಮೀನು, ಸಿಗಡಿಗಳ ಆಮದನ್ನೇ ನಿಲ್ಲಿಸಿತು. ಆಮೇಲೆ ಘಟಕಗಳು ನೀರು, ಮಂಜುಗಡ್ಡೆ, ನೆಲ, ಗೋಡೆಗಳನ್ನೆಲ್ಲ ಸರಿಪಡಿಸಿಕೊಂಡವು. 1963ರ ಕಾಯಿದೆಯಡಿ ಹುಟ್ಟಿದ ರಫ್ತು ತಪಾಸಣಾ ಪರಿಷತ್ತಿನ ಒಪ್ಪಿಗೆ ಪಡೆದ ಘಟಕಗಳಿಗೆ ಮತ್ತೆ ಬಾಗಿಲು ತೆರೆಯಿತು. ಯೂರೋಪಿನ ಮಗು ತಿನ್ನುವ ಸಿಗಡಿಗೆ ಇರುವಷ್ಟು ಕಾವಲು ನಮ್ಮ ಸಂತೆಯ ಮೀನಿಗೆ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ನನಗಂತೂ ಆ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ.

ಮೂರನೆಯದು ಸ್ವತಂತ್ರ ತಪಾಸಣೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 1954ರ ಹಳೆಯ ಕಲಬೆರಕೆ ತಡೆ ಕಾಯಿದೆಯ ಜಾಗಕ್ಕೆ ಬಂತು. ಅದರಡಿ ಹುಟ್ಟಿದ ಪ್ರಾಧಿಕಾರವನ್ನು ಎಲ್ಲರೂ ಎಫ್ಎಸ್ಎಸ್ಎಐ ಎಂದೇ ಕರೆಯುತ್ತಾರೆ. ದೇಶದಲ್ಲಿರುವ ಆಹಾರ ಉದ್ದಿಮೆಗಳ ಸಂಖ್ಯೆಗೆ ಹೋಲಿಸಿದರೆ ಸರ್ಕಾರದ ಅಧಿಕಾರಿಗಳು ಬೆರಳೆಣಿಕೆಯಷ್ಟು. ಹೀಗಾಗಿ 2018ರಲ್ಲಿ ಆಹಾರ ಸುರಕ್ಷತಾ ಲೆಕ್ಕ ತಪಾಸಣೆಯ ನಿಯಮಗಳು ಬಂದವು. ಪ್ರಾಧಿಕಾರ ಮಾನ್ಯ ಮಾಡಿದ ಖಾಸಗಿ ಸಂಸ್ಥೆಗಳು ಉದ್ದಿಮೆಗಳಿಗೆ ಹೋಗಿ ತಪಾಸಣೆ ನಡೆಸಿ ವರದಿ ಕೊಡುವ ವ್ಯವಸ್ಥೆ ಇದು. ಹಾಲು, ಮಾಂಸ, ಮೀನು, ಮೊಟ್ಟೆಗಳು ಹೆಚ್ಚು ಅಪಾಯದ ವರ್ಗದಲ್ಲಿ ಬಂದವು.

ಇಂಥ ತಪಾಸಕರು ಬಂದರೆ ಏನು ನೋಡುತ್ತಾರೆ? ನೆಲ ಫಳಫಳ ಹೊಳೆಯುತ್ತಿದೆಯೇ ಎಂದಲ್ಲ. ಬರುವ ದಿನ ಗೊತ್ತಿದ್ದರೆ ಯಾರು ಬೇಕಾದರೂ ನೆಲ ತೊಳೆಸಬಲ್ಲರು. ಕಸುಬು ಬಲ್ಲ ತಪಾಸಕ ಕಾಗದವನ್ನು ಓದುತ್ತಾನೆ. ಪಾಶ್ಚೀಕರಣದ ಉಷ್ಣತೆಯ ದಾಖಲೆಯಲ್ಲಿ ಗೆರೆ ಎಲ್ಲಿ ಇಳಿದಿದೆ, ಇಳಿದಾಗ ಕವಾಟ ತಿರುಗಿತೇ, ಆ ಹಾಲು ಏನಾಯಿತು? ತಿಂಗಳ ಕಾಲ ಒಂದು ದಿನವೂ ಏರುಪೇರಿಲ್ಲದ ದಾಖಲೆ ಕಂಡರೆ ಅವನ ಹುಬ್ಬು ಮೇಲೇರುತ್ತದೆ. ಮೂವತ್ತು ದಿನದ ಪುಟಗಳೂ ಒಂದೇ ಶಾಯಿಯಲ್ಲಿ, ಒಂದೇ ಓಟದ ಕೈಬರಹದಲ್ಲಿದ್ದರೆ ಅವು ನಿನ್ನೆ ರಾತ್ರಿ ಬರೆದವು ಎಂದು ಊಹಿಸಲು ಬುದ್ಧಿವಂತಿಕೆ ಬೇಡ. ಹೋಂವರ್ಕ್ ತಿದ್ದುವ ಯಾವ ಮೇಷ್ಟ್ರಿಗೂ ಇದು ಗೊತ್ತು! ಅಂಗಡಿಯಿಂದ ತಂದ ಒಂದು ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟು, ಇದರ ಹಾಲು ಯಾವ ಟ್ಯಾಂಕರಿನಲ್ಲಿ ಬಂತು, ಅದೇ ತಂಡದ ಉಳಿದ ಪ್ಯಾಕೆಟ್ಟುಗಳು ಎಲ್ಲೆಲ್ಲಿಗೆ ಹೋದವು ತೋರಿಸಿ ಎಂದು ಕೇಳಬಹುದು. ಒಳಗೆ ಬಂದ ಹಾಲು, ಹೊರಗೆ ಹೋದ ಹಾಲು ಮೊಸರು ತುಪ್ಪಗಳ ಲೆಕ್ಕ ಕೂಡಿಸಬಹುದು. ಬಂದದ್ದಕ್ಕಿಂತ ಹೋದದ್ದು ಹೆಚ್ಚಾಗಿದ್ದರೆ ನಡುವೆ ಸೇರಿದ್ದು ಏನು?

ತಪಾಸಕನ ಕಣ್ಣಿನ ಜತೆಗೆ ಪ್ರಯೋಗಾಲಯವೂ ಬೇಕು. ಪ್ರಯೋಗಾಲಯವನ್ನು ಪರೀಕ್ಷಿಸುವವರು? ಭಾರತೀಯ ಗುಣಮಟ್ಟ ಮಂಡಳಿಯ ಅಂಗವಾದ ಎನ್ಎಬಿಎಲ್ ಈ ಕೆಲಸ ಮಾಡುತ್ತದೆ. ಮಾನ್ಯತೆ ಬೇಕಾದ ಪ್ರಯೋಗಾಲಯ ಆಗಾಗ್ಗೆ ಒಂದು ಹೋಲಿಕೆ ಪರೀಕ್ಷೆಯಲ್ಲಿ ಭಾಗವಹಿಸಬೇಕು. ಒಂದೇ ಮಾದರಿಯನ್ನು ಹಲವು ಪ್ರಯೋಗಾಲಯಗಳಿಗೆ ಕಳಿಸಿ, ಬಂದ ಉತ್ತರಗಳನ್ನು ಹೋಲಿಸುತ್ತಾರೆ. ಎಲ್ಲರೂ 3.1 ಎಂದಾಗ ಒಬ್ಬರು 3.6 ಎಂದರೆ ಅವರ ಉಪಕರಣವೋ ಕೈಯೋ ಸರಿಯಿಲ್ಲ.

ಸರ್ಕಾರಿ ಅಧಿಕಾರಿ ಕಾನೂನಿನ ಪ್ರಕಾರ ಮಾದರಿ ತೆಗೆದುಕೊಂಡಾಗ ಅದನ್ನು ನಾಲ್ಕು ಭಾಗ ಮಾಡಿ ಮೊಹರು ಮಾಡುತ್ತಾರೆ. ಒಂದು ಆಹಾರ ವಿಶ್ಲೇಷಕರಿಗೆ. ಎರಡು ಜಿಲ್ಲೆಯ ಅಂಕಿತಾಧಿಕಾರಿಯ ಬಳಿ. ಇನ್ನೊಂದನ್ನು ಮಾರಾಟಗಾರ ಕೇಳಿಕೊಂಡರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವಿಶ್ಲೇಷಕರ ವರದಿಯನ್ನು ಒಪ್ಪದವರು ಮೇಲ್ಮನವಿ ಸಲ್ಲಿಸಿ ಉಲ್ಲೇಖಿತ ಪ್ರಯೋಗಾಲಯಕ್ಕೆ ಹೋಗಬಹುದು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಅಂಥ ಕೆಲಸಕ್ಕೆ ಹೆಸರಾದ ಸಂಸ್ಥೆ. ಮರುಮೌಲ್ಯಮಾಪನದ ಹಕ್ಕು ಹುಡುಗನಿಗೆ ಇರುವಂತೆ ವ್ಯಾಪಾರಿಗೂ ಇದೆ, ಇರಲೇಬೇಕು.

ಪರೀಕ್ಷೆಯಿಂದ ವಿನಾಯಿತಿ

ಇಷ್ಟೆಲ್ಲ ಇದ್ದೂ ವ್ಯವಸ್ಥೆ ಹೇಗೆ ಮುರಿದು ಬೀಳುತ್ತದೆ ಎಂಬುದಕ್ಕೆ ಚೀನಾದ ಸಾನ್ಲು ಕಂಪನಿಯ ಕಥೆಯನ್ನು ನೋಡಬೇಕು. ಹೆಬೈ ಪ್ರಾಂತದ ಈ ದೊಡ್ಡ ಕಂಪನಿ ಶಿಶುಗಳಿಗೆ ಹಾಲಿನ ಪುಡಿ ತಯಾರಿಸುತ್ತಿತ್ತು. ಅಲ್ಲಿನ ಹಾಲು ಸಂಗ್ರಹಣೆಯವರು ನೀರು ಬೆರೆಸುತ್ತಿದ್ದರು. ನೀರು ಬೆರೆತಾಗ ಪ್ರೋಟೀನ್ ಪ್ರಮಾಣ ಇಳಿದು ಸಿಕ್ಕಿಬೀಳಬೇಕಲ್ಲ? ಅದಕ್ಕೆ ಅವರು ಮೆಲಮೈನ್ ಸೇರಿಸಿದರು. ಒಡೆಯದ ತಟ್ಟೆ, ಲೋಟಗಳನ್ನು ಮಾಡುವ ಮೆಲಮೈನ್ ಅದೇ.

ಹಾಲಿನ ಪ್ರೋಟೀನನ್ನು ಅಳೆಯುವ ಪ್ರಸಿದ್ಧ ವಿಧಾನವನ್ನು ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ. ಗಂಧಕಾಮ್ಲದಲ್ಲಿ ಕುದಿಸಿ, ಸಾರಜನಕವನ್ನೆಲ್ಲ ಅಮೋನಿಯ ಮಾಡಿ ಅಳೆದು, ಅದನ್ನು 6.38ರಿಂದ ಗುಣಿಸಿದರೆ ಹಾಲಿನ ಪ್ರೋಟೀನ್ ಬರುತ್ತದೆ. ಹಾಗಾದರೆ ಇಲ್ಲಿ ಅಳೆದದ್ದು ಏನು? ಸಾರಜನಕವನ್ನು ಮಾತ್ರ. ಪ್ರೋಟೀನಿನಲ್ಲಿ ಸಾರಜನಕ ಸುಮಾರು ಶೇಕಡಾ 16. ಮೆಲಮೈನಿನ ಅಣುಸೂತ್ರದಲ್ಲಿ ಇಂಗಾಲ 3, ಜಲಜನಕ 6, ಸಾರಜನಕ 6. ಅಣುತೂಕ 126, ಅದರಲ್ಲಿ ಸಾರಜನಕದ ಪಾಲು 84. ಅಂದರೆ ಮೂರರಲ್ಲಿ ಎರಡು ಪಾಲು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ. ಒಂದು ಲೀಟರ್ ಹಾಲಿಗೆ ಒಂದು ಗ್ರಾಂ ಮೆಲಮೈನ್ ಹಾಕಿದರೆ ಇಲ್ಲದ ಪ್ರೋಟೀನ್ ಸುಮಾರು ನಾಲ್ಕೂಕಾಲು ಗ್ರಾಂ ಇದ್ದಂತೆ ಕಾಣಿಸುತ್ತದೆ. ಲ್ಯಾಕ್ಟೋಮೀಟರಿನ ಕಥೆಯೇ ಇಲ್ಲೂ ನಡೆಯಿತು. ಪರೀಕ್ಷೆ ತಪ್ಪು ಹೇಳಲಿಲ್ಲ. ಸಾರಜನಕ ಎಷ್ಟೆಂದು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿತು.

ಕಂದಮ್ಮಗಳ ಮೂತ್ರಪಿಂಡದಲ್ಲಿ ಕಲ್ಲುಗಳು ಕಾಣಿಸಿಕೊಂಡವು. 2008ರ ಸೆಪ್ಟೆಂಬರಿನಲ್ಲಿ ವಿಷಯ ಬಯಲಾಗುವ ಹೊತ್ತಿಗೆ, ದೂರುಗಳು ಬರತೊಡಗಿ ತಿಂಗಳುಗಳೇ ಕಳೆದಿದ್ದವು. ಸುಮಾರು ಮೂರು ಲಕ್ಷ ಮಕ್ಕಳು ಅಸ್ವಸ್ಥರಾದರು. ಆರು ಮಕ್ಕಳು ಸತ್ತರು ಎಂದು ಅಲ್ಲಿನ ಸರ್ಕಾರ ಲೆಕ್ಕ ಕೊಟ್ಟಿತು. 2007ರಲ್ಲೇ ಅಮೆರಿಕದಲ್ಲಿ ನಾಯಿ ಬೆಕ್ಕುಗಳ ಆಹಾರದಲ್ಲಿ ಇದೇ ಮೆಲಮೈನ್ ಸಿಕ್ಕಿತ್ತು. ಎಚ್ಚರಿಕೆಯ ಗಂಟೆ ಹೊಡೆದಾಗಿತ್ತು.

ಈ ಲೇಖನಕ್ಕೆ ಸಂಬಂಧಿಸಿದ ಮುಖ್ಯ ವಿಷಯ ಇನ್ನೊಂದು. ಸಾನ್ಲು ಕಂಪನಿಗೆ ಅಲ್ಲಿನ ಗುಣಮಟ್ಟ ಇಲಾಖೆ ತಪಾಸಣೆಯಿಂದ ವಿನಾಯಿತಿ ಕೊಟ್ಟಿತ್ತು! ಹಿಂದೆ ಚೆನ್ನಾಗಿ ನಡೆದುಕೊಂಡ ದೊಡ್ಡ ಕಂಪನಿಗಳಿಗೆ ಕೊಡುತ್ತಿದ್ದ ಗೌರವ ಅದು. ಒಂಬತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದವನಿಗೆ ಎಸ್ಸೆಸ್ಸೆಲ್ಸಿ ಬರೆಯುವುದೇ ಬೇಡ ಎಂದಂತೆ. ಹಗರಣ ಬಯಲಾದ ಮೇಲೆ ಆ ವಿನಾಯಿತಿಯ ಪದ್ಧತಿಯನ್ನೇ ಚೀನಾ ರದ್ದು ಮಾಡಿತು. ಕಂಪನಿ ದಿವಾಳಿಯಾಯಿತು, ಅದರ ಮುಖ್ಯಸ್ಥೆಗೆ 2009ರಲ್ಲಿ ಜೀವಾವಧಿ ಶಿಕ್ಷೆಯಾಯಿತು, ಇಬ್ಬರನ್ನು ಗಲ್ಲಿಗೇರಿಸುವಂಥ ಶಿಕ್ಷೆಗೆ ಗುರಿಪಡಿಸಿ ಕೊಂದರು. ಭಾರತ 2008ರಲ್ಲೇ ಚೀನಾದ ಹಾಲು ಮತ್ತು ಹಾಲಿನ ಪದಾರ್ಥಗಳ ಆಮದನ್ನು ನಿಷೇಧಿಸಿತು. ಆ ನಿಷೇಧವನ್ನು ಮತ್ತೆ ಮತ್ತೆ ಮುಂದುವರಿಸಿತು.

ನಮ್ಮ 2018ರ ನಿಯಮಗಳಲ್ಲೂ, ಖಾಸಗಿ ತಪಾಸಣೆಯಲ್ಲಿ ಚೆನ್ನಾಗಿ ಪಾಸಾದ ಉದ್ದಿಮೆಗೆ ಇಲಾಖೆಯ ಮಾಮೂಲಿ ಭೇಟಿಗಳನ್ನು ಕಡಿಮೆ ಮಾಡಬಹುದು ಎಂಬ ಅವಕಾಶವಿದೆ. ಮಾದರಿ ತೆಗೆಯುವುದನ್ನು ಮಾತ್ರ ನಿಲ್ಲಿಸುವಂತಿಲ್ಲ. ಆ ಕೊನೆಯ ಮಾತು ಕಾಗದದ ಮೇಲಷ್ಟೇ ಉಳಿಯದಂತೆ ನೋಡಿಕೊಳ್ಳಬೇಕಾದ ಕಾರಣ ಸಾನ್ಲು.

‘ಅತ್ಯುತ್ತಮ’ ದರ್ಜೆಯ ಮೊಟ್ಟೆ

ಚೀನಾದಲ್ಲಿ ಹೀಗಾಯಿತು, ಮುಂದುವರಿದ ದೇಶಗಳಲ್ಲಿ ಆಗುವುದಿಲ್ಲ ಎನ್ನುವವರಿಗಾಗಿ ಅಮೆರಿಕದ ಒಂದು ಪ್ರಸಂಗ. ಐಯೋವಾ ರಾಜ್ಯದ ರೈಟ್ ಕೌಂಟಿ ಎಗ್ ಎಂಬ ಕಂಪನಿಗೆ 2010ರ ಜೂನಿನಲ್ಲಿ ಖಾಸಗಿ ತಪಾಸಣಾ ಸಂಸ್ಥೆಯೊಂದು ‘ಅತ್ಯುತ್ತಮ’ ಎಂಬ ದರ್ಜೆ ಕೊಟ್ಟಿತು. ಎರಡು ತಿಂಗಳೊಳಗೆ ಆ ಕಂಪನಿ ಮತ್ತು ನೆರೆಯ ಇನ್ನೊಂದು ಕಂಪನಿಯ 50 ಕೋಟಿಗೂ ಹೆಚ್ಚು ಮೊಟ್ಟೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಸಾಲ್ಮೊನೆಲ್ಲ ಬ್ಯಾಕ್ಟೀರಿಯಾದಿಂದ 1,900ಕ್ಕೂ ಹೆಚ್ಚು ಜನರು ಕಾಯಿಲೆ ಬಿದ್ದದ್ದು ದಾಖಲಾಯಿತು. ಬಳಿಕ ಸರ್ಕಾರದ ಆಹಾರ ಮತ್ತು ಔಷಧ ಇಲಾಖೆಯವರು ಕೋಳಿ ಮನೆಗಳಿಗೆ ಹೋಗಿ ನೋಡಿದರೆ ಕೆಲವೆಡೆ ಎಂಟು ಅಡಿ ಎತ್ತರದ ಹಿಕ್ಕೆಯ ರಾಶಿ, ಇಲಿಗಳು, ನೊಣ, ಹುಳು!

ಅಲ್ಲಿ ಸರ್ಕಾರದ ಕೃಷಿ ಇಲಾಖೆಯ ನೌಕರರೂ ಇದ್ದರು. ಆದರೆ ಅವರ ಕೆಲಸ ಮೊಟ್ಟೆಯ ದರ್ಜೆ ನೋಡುವುದು. ಕೋಳಿ ಮನೆಯ ಸ್ವಚ್ಛತೆ ಅವರ ಪಾಲಿಗೆ ಬರುತ್ತಿರಲಿಲ್ಲ. ಅವರವರ ಪ್ರಶ್ನೆಗೆ ಅವರವರು ಉತ್ತರ ಬರೆದುಕೊಂಡರು, ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ತಡೆಹಿಡಿದ ಮೊಟ್ಟೆಗಳನ್ನು ಬಿಡಿಸಿಕೊಳ್ಳಲು ಕೃಷಿ ಇಲಾಖೆಯ ನೌಕರನಿಗೆ ಲಂಚ ಕೊಟ್ಟದ್ದನ್ನು ಕಂಪನಿ 2014ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. 2015ರಲ್ಲಿ 68 ಲಕ್ಷ ಡಾಲರ್ ದಂಡವಾಯಿತು. ಮಾಲೀಕರಾದ ತಂದೆ, ಮಗನಿಗೆ ತಲಾ ಮೂರು ತಿಂಗಳ ಜೈಲು.

ಶುಲ್ಕ ಯಾರ ಜೇಬಿನಿಂದ?

ತಪಾಸಣಾ ಸಂಸ್ಥೆಯನ್ನು ಆರಿಸುವುದು ಕಂಪನಿ, ದಿನ ಗೊತ್ತುಮಾಡುವುದು ಕಂಪನಿ, ಶುಲ್ಕ ಕೊಡುವುದೂ ಕಂಪನಿ. ಕಟ್ಟುನಿಟ್ಟಾಗಿ ಅಂಕ ಹಾಕಿದರೆ ಮುಂದಿನ ವರ್ಷ ಬೇರೆ ಸಂಸ್ಥೆಗೆ ಕರೆ ಹೋಗುತ್ತದೆ. ಪ್ರಪಂಚದಲ್ಲೆಲ್ಲ ಬಹುಮಟ್ಟಿಗೆ ಇದೇ ಪದ್ಧತಿ. ನಮ್ಮಲ್ಲೂ ಉದ್ದಿಮೆ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯಿಂದ ಒಂದನ್ನು ಆರಿಸಿ, ತಾನೇ ಹಣ ಕೊಟ್ಟು ತಪಾಸಣೆ ಮಾಡಿಸಿಕೊಳ್ಳುತ್ತದೆ. ಅಂದರೆ ಹುಡುಗನ ತಂದೆಯೇ ಮೌಲ್ಯಮಾಪಕರನ್ನು ಹುಡುಕಿ ಕರೆತಂದಂತೆ.

ಇದರಿಂದ ನಿಜವಾಗಿ ವ್ಯತ್ಯಾಸವಾಗುತ್ತದೆಯೇ? ಅನುಮಾನ ಪಡುವುದು ಸುಲಭ, ಪ್ರಯೋಗ ಮಾಡಿ ತೋರಿಸುವುದು ಕಷ್ಟ. ಅಂಥ ಒಂದು ಪ್ರಯೋಗ ನಮ್ಮ ದೇಶದಲ್ಲೇ ನಡೆದಿದೆ. ಅದು ಹಾಲಿನದಲ್ಲ, ಕಾರ್ಖಾನೆಗಳ ಮಾಲಿನ್ಯದ್ದು. ಆದರೆ ಏರ್ಪಾಡು ಇದೇ ಬಗೆಯದು. 2009ರಿಂದ ಎರಡು ವರ್ಷ ಗುಜರಾತಿನ 473 ಕಾರ್ಖಾನೆಗಳಲ್ಲಿ, ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಜತೆ ಸೇರಿ ಎಸ್ತರ್ ಡ್ಯುಫ್ಲೋ ಮೊದಲಾದ ನಾಲ್ವರು ಅರ್ಥಶಾಸ್ತ್ರಜ್ಞರು ಇದನ್ನು ನಡೆಸಿದರು. (ಡ್ಯುಫ್ಲೋ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಮೈಕೆಲ್ ಕ್ರೇಮರ್ ಅವರೊಂದಿಗೆ ನೊಬೆಲ್ ಬಹುಮಾನ ಪಡೆದರು.) ಕೆಲವು ಕಾರ್ಖಾನೆಗಳಲ್ಲಿ ಹಳೆಯ ಪದ್ಧತಿ ಉಳಿಸಿದರು. ಉಳಿದವುಗಳಿಗೆ ತಪಾಸಕರನ್ನು ಚೀಟಿ ಎತ್ತಿದಂತೆ ಹಂಚಿದರು. ಶುಲ್ಕವನ್ನು ಒಂದು ಸಾಮಾನ್ಯ ನಿಧಿಯಿಂದ ಕೊಟ್ಟರು. ತಪಾಸಕರು ಬರೆದ ಅಂಕಿಗಳನ್ನು ಬೇರೆಯವರಿಂದ ಮತ್ತೆ ಅಳೆಸಿದರು.

ಹಳೆಯ ಪದ್ಧತಿಯ ತಪಾಸಕರ ವರದಿಗಳ ಪ್ರಕಾರ ಹೊಗೆಯ ಕಣಗಳ ಮಿತಿಯನ್ನು ಮೀರಿದ ಕಾರ್ಖಾನೆಗಳು ಶೇಕಡಾ 7. ಮರು ಅಳತೆಯಲ್ಲಿ ಮೀರಿದ್ದು ಶೇಕಡಾ 59! ವರದಿಯ ಅಂಕಿಗಳಲ್ಲಿ ಬಹುಪಾಲು ಮಿತಿಯ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ಗುಂಪುಗೂಡಿದ್ದವು. 34 ಅಂಕ ತೆಗೆದವರೆಲ್ಲ 35ಕ್ಕೆ ಏರಿದ ಅಂಕಪಟ್ಟಿಯಂತೆ. ಹೊಸ ಪದ್ಧತಿಯ ತಪಾಸಕರು ಇದೇ ಊರಿನವರು, ಇದೇ ಕಸುಬಿನವರು. ಅವರು ಸುಳ್ಳಾಗಿ ‘ಪಾಸ್’ ಎಂದು ಬರೆಯುವುದು ಶೇಕಡಾ 80ರಷ್ಟು ಕಡಿಮೆಯಾಯಿತು. ಅಷ್ಟೇ ಅಲ್ಲ, ಆ ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. ಆಹಾರ ಉದ್ದಿಮೆಗಳಿಗೆ ಈ ಪದ್ಧತಿಯನ್ನು ತರಲು ಏನು ಅಡ್ಡಿ ಎಂಬುದು ನನಗೆ ತಿಳಿಯದು. ಶುಲ್ಕ ಈಗಲೂ ಉದ್ದಿಮೆಯೇ ಕೊಡುತ್ತಿದೆ. ಅದನ್ನು ಕೊಡುವ ಕಿಟಕಿ ಮಾತ್ರ ಬೇರೆಯಾಗಬೇಕು.

ಅಂಕಿಗಳನ್ನು ಓದುವ ಬಗೆ

ಪೋಷಕರು ಗಾಬರಿಪಡುವ ಮುನ್ನ ಒಂದು ಮಾತು. 2011ರಲ್ಲಿ ಎಫ್ಎಸ್ಎಸ್ಎಐ ದೇಶದಾದ್ಯಂತ 1,791 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಶೇಕಡಾ 68.4ರಷ್ಟು ಮಾನದಂಡಕ್ಕೆ ಹೊಂದಲಿಲ್ಲ. ಅದನ್ನು ಬಹಳ ಜನ ‘ಶೇಕಡಾ 68ರಷ್ಟು ಹಾಲು ವಿಷ’ ಎಂದು ಓದಿಕೊಂಡರು. ಬಹುಪಾಲು ತಪ್ಪು ನೀರು ಬೆರೆಸಿದ್ದು ಮತ್ತು ಘನಾಂಶ ಕಡಿಮೆಯಿದ್ದದ್ದು. 2018ರಲ್ಲಿ ಸ್ವತಂತ್ರ ಸಂಸ್ಥೆಯೊಂದರಿಂದ ಇನ್ನೂ ದೊಡ್ಡ ಸಮೀಕ್ಷೆ ಮಾಡಿಸಿದರು. 1,103 ಊರುಗಳಿಂದ 6,432 ಮಾದರಿಗಳು. ಅವುಗಳಲ್ಲಿ ಸುಮಾರು ಶೇಕಡಾ 93 ಸುರಕ್ಷಿತ ಎಂದಾಯಿತು. ಯೂರಿಯಾ, ಸೋಪಿನಂಥ ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ. ಮಿತಿ ಮೀರಿದ ಪ್ರತಿಜೈವಿಕ 77ರಲ್ಲಿ. 368 ಮಾದರಿಗಳಲ್ಲಿ ಕಂಡದ್ದು ಯಾರೂ ಅಷ್ಟಾಗಿ ಮಾತಾಡದ ಅಫ್ಲಟಾಕ್ಸಿನ್ ಎಂ1.

ಇದನ್ನು ಯಾರೂ ಬೇಕೆಂದು ಬೆರೆಸುವುದಿಲ್ಲ. ತೇವ ತಾಗಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳದಲ್ಲಿ ಬೂಷ್ಟು ಬೆಳೆದು ವಿಷ ಹುಟ್ಟುತ್ತದೆ. ಹಸು ಅದನ್ನು ತಿಂದಾಗ ಅದರ ಯಕೃತ್ತಿನಲ್ಲಿ ರೂಪ ಬದಲಾಗಿ ಹಾಲಿಗಿಳಿಯುತ್ತದೆ. ಕುದಿಸಿದರೂ ಹೋಗದು. ಲ್ಯಾಕ್ಟೋಮೀಟರಿಗಾಗಲಿ, ಮೂಸಿ ನೋಡುವ ತಾಯಿಗಾಗಲಿ ಕಾಣದು. ನಮ್ಮ ಕಾನೂನಿನ ಮಿತಿ ಒಂದು ಕಿಲೋ ಹಾಲಿಗೆ ಅರ್ಧ ಮೈಕ್ರೋಗ್ರಾಂ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿನ ಅರ್ಧ! ಅದನ್ನು ಹಿಡಿಯಲು ದೊಡ್ಡ ಪ್ರಯೋಗಾಲಯವೇ ಬೇಕು. ತಡೆಯಲು ರೈತನ ಹಿಂಡಿ ಚೀಲ ಒಣಗಿದ ಜಾಗದಲ್ಲಿದ್ದರೆ ಸಾಕು.

ಪ್ಯಾಕೆಟ್ಟಿನ ಮೇಲಿನ ಉದ್ದನೆಯ ಸಂಖ್ಯೆಯನ್ನು ಓದಲು ಮಕ್ಕಳಿಗೆ ಕಲಿಸಬಹುದು. ಅದರಲ್ಲಿ 14 ಅಂಕಿಗಳಿವೆ. ಮೊದಲಂಕಿ 1 ಇದ್ದರೆ ಪರವಾನಗಿ, 2 ಇದ್ದರೆ ಸಣ್ಣ ವ್ಯಾಪಾರಿಯ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ ಗುರುತು. 12 ಇದ್ದರೆ ಕರ್ನಾಟಕ, 00 ಇದ್ದರೆ ಕೇಂದ್ರದ ಪರವಾನಗಿ. ಅದರ ಮುಂದಿನೆರಡು, ಸಂಖ್ಯೆ ಕೊಟ್ಟ ವರ್ಷ. ಇದು ಉದ್ದಿಮೆ ನಡೆಸಲು ಸಿಕ್ಕ ಅನುಮತಿಯ ಗುರುತು. ಹಾಲ್ ಟಿಕೆಟ್ ಇದ್ದಂತೆ, ಅಂಕಪಟ್ಟಿಯಲ್ಲ. ಬಿಡಿ ಹಾಲಿಗೆ, ಓಣಿಯ ಕೋಳಿ ಅಂಗಡಿಗೆ ಎಷ್ಟೋ ಕಡೆ ಈ ಹಾಲ್ ಟಿಕೆಟ್ಟೂ ಇರುವುದಿಲ್ಲ.

ಹೆಚ್ಚು ಜನರಿಗೆ ತಿಳಿಯದ ಒಂದು ಅವಕಾಶ ಕಾಯಿದೆಯ 40ನೇ ಸೆಕ್ಷನ್ನಿನಲ್ಲಿದೆ. ಅಧಿಕಾರಿಗಳೇ ಬರಬೇಕೆಂದಿಲ್ಲ, ಕೊಂಡ ಯಾರೇ ಆದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಕೊಳ್ಳುವಾಗಲೇ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಎಂದು ಅಂಗಡಿಯವನಿಗೆ ತಿಳಿಸಬೇಕು. ವರದಿಯಲ್ಲಿ ಕಾಯಿದೆಯ ಉಲ್ಲಂಘನೆ ಕಂಡುಬಂದರೆ ಕಟ್ಟಿದ ಶುಲ್ಕ ಹಿಂದಕ್ಕೆ ಬರುತ್ತದೆ, ಮುಂದಿನ ಕ್ರಮಕ್ಕಾಗಿ ವಿಷಯ ಅಂಕಿತಾಧಿಕಾರಿಗೆ ಹೋಗುತ್ತದೆ. ಒಬ್ಬರಿಗೆ ಈ ಖರ್ಚು ಭಾರವೆನಿಸಬಹುದು. ಒಂದು ಬೀದಿಯ ಹತ್ತು ಮನೆಯವರು, ಅಥವಾ ಒಂದು ಶಾಲೆಯ ಪೋಷಕರ ಸಮಿತಿಯವರು ಸೇರಿ ವರ್ಷಕ್ಕೆರಡು ಸಲ, ದಿನ ಮೊದಲೇ ಹೇಳದೆ, ಮಾಡಿಸಬಹುದು. ಆಗ ಮಾದರಿ ಆರಿಸುವವರು ನಾವು, ಶುಲ್ಕ ಕೊಡುವವರು ನಾವು, ವರದಿ ಬರುವುದೂ ನಮ್ಮ ಕೈಗೇ.